ಅಕ್ಕನ ಗಲ್ಲಾ ಮತ್ತು ಬಿಲ್ಲಿನ ಮೆಷಿನ್ನು

ನಮ್ಮ ಹೋಟೆಲಿನಲ್ಲಿ ಏನು ತಿಂದಿರಿ ಎಂದು ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ತಿಂದವರು ಕೈ ತೊಳೆದು ಗಲ್ಲಾದ ಕಡೆ ಹೆಜ್ಜೆ ಹಾಕಿದ ಕೂಡಲೇ ಹಿಂದಿನಿಂದ ಸಪ್ಲೈಯರ್ ಕೂಗುತ್ತಿದ್ದ: "ಹಸಿರು ಟವಲ್ಲು, ಎರಡ್ ತಟ್ಟೆ ಇಡ್ಲಿ, ಒಂದ್ ವಡೆ, ಒಂದ್ ಕಾಫಿ." ಆ ಹಸಿರು ಟವಲ್ಲಿನವರು ಗಲ್ಲಾ ಮುಟ್ಟುವುದರೊಳಗೆ ಅಕ್ಕ ಮನಸ್ಸಿನಲ್ಲೇ ಕೂಡಿಸಿ ಚಿಲ್ಲರೆ ತೆಗೆದಿಟ್ಟಿರುತ್ತಿದ್ದಳು. ತಿಂದವನ ಬಾಯಿಗೆ ಕಣ್ಣು ಹಾಕಬಾರದು, ಲೆಕ್ಕ ನಮ್ಮ ಕೆಲಸ, ಅವನದಲ್ಲ ಎನ್ನುವುದು ಅವಳ ವಾದ. ಹೋಟೆಲಿಗೆ ಒಂದು ಬೋರ್ಡು ಹಾಕಿಸಲು ಹತ್ತು ಸಲ ಯೋಚಿಸಿದವಳು, ಈ ವಿಷಯದಲ್ಲಿ ಮಾತ್ರ ಎರಡನೇ ಮಾತಿಗೆ ಅವಕಾಶ ಕೊಟ್ಟವಳಲ್ಲ.

ಹೋಟೆಲು ಎಂದರೆ ದೊಡ್ಡದನ್ನೇನೂ ಊಹಿಸಬೇಡಿ. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ನಾಲ್ಕು ಹೆಜ್ಜೆ ನಡೆದರೆ ಸಿಗುವ ಉದ್ದನೆಯ ಒಂದು ಕೋಣೆ, ಗೋಡೆಗುಂಟ ಬೆಂಚುಗಳು, ಅವುಗಳ ಮುಂದೆ ಉದ್ದ ಟೇಬಲ್ಲುಗಳು, ಹಿಂದೆ ಅಡುಗೆಮನೆ, ಬಾಗಿಲಲ್ಲಿ ಗಲ್ಲಾ. ಅಕ್ಕ ಇದನ್ನು ಶುರುಮಾಡಿದ್ದು ಮಾರ್ಕೆಟ್ಟಿನ ಗೇಟಿನಲ್ಲಿ, ಒಂದು ಅಲ್ಯೂಮಿನಿಯಂ ಪಾತ್ರೆ ಇಡ್ಲಿ ಮತ್ತು ಒಂದು ಡಬರಿ ಚಟ್ನಿ ಇಟ್ಟುಕೊಂಡು. ನಾನು ಆಗ ಬಿಡದಿಯ ಕಾರ್ಖಾನೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಜಗಳವಾಡಿಕೊಂಡು ಬದಲಾಯಿಸುತ್ತಿದ್ದೆ. ಯಾವ ಸೂಪರ್‌ವೈಸರೂ ನನಗೆ ಸರಿಬರುತ್ತಿರಲಿಲ್ಲ. ಅಕ್ಕ ಒಂದು ದಿನ, ಎಲ್ಲರ ಮೇಲೂ ಹಬೆ ಬಿಡೋದಕ್ಕಿಂತ ಬಂದು ಇಡ್ಲಿ ಹಬೆ ನೋಡ್ಕೋ ಎಂದಳು. ಬಂದೆ. ಅಂದಿನಿಂದ ಅಡುಗೆಮನೆ ನನ್ನದು, ಗಲ್ಲಾ ಅವಳದು. ಹೋಟೆಲು ಯಾರದು ಎಂದು ಕೇಳಿದರೆ ನಾನು ಎರಡು ಬಾರಿ ಯೋಚಿಸದೆ ಅವಳದು ಅನ್ನುತ್ತೇನೆ.

ಸಪ್ಲೈಯರ್ ಮಾಗಡಿ ಕಡೆಯವನು. ನಾವೆಲ್ಲ ಮಾಗಡಿಯಣ್ಣ ಅನ್ನುತ್ತೇವೆ. ಕಡ್ಡಿಯಂಥ ಆಳು, ಗಂಟಲು ಮಾತ್ರ ದೇವರು ಬೇರೆ ಯಾರಿಗೋ ಮಾಡಿದ್ದನ್ನು ಇವನಿಗೆ ಹಾಕಿಬಿಟ್ಟಿದ್ದಾನೆ. ಬೆಳಿಗ್ಗೆ ಗೂಡು ತಂದ ಮರಳವಾಡಿಯ ರೈತರು, ದೊಡ್ಡಆಲಹಳ್ಳಿಯ ರೈತರು, ಗೂಡು ಕೊಂಡು ಮೋಟರಿನಲ್ಲಿ ನೂಲು ತೆಗೆಯುವ ರೀಲರುಗಳು ಎಲ್ಲ ಒಟ್ಟಿಗೇ ನುಗ್ಗುತ್ತಾರೆ. "ಒಸಿ ಸರ್ಕಳಿ" ಎನ್ನುವುದೇ ನಮ್ಮಲ್ಲಿ ಸೀಟು ರಿಸರ್ವೇಶನ್ನು. ಈಗಷ್ಟೇ ಹರಾಜಿನಲ್ಲಿ ಮುಖ ಗಂಟು ಹಾಕಿಕೊಂಡಿದ್ದ ಕೊಂಡವನೂ ಮಾರಿದವನೂ ಮೊಣಕೈಗೆ ಮೊಣಕೈ ತಾಗಿಸಿ ಕೂತು ಒಂದೇ ಬಟ್ಟಲ ಚಟ್ನಿ ಬಗ್ಗಿಸಿಕೊಳ್ಳುತ್ತಾರೆ. ಆ ಗಲಾಟೆಯ ಮೇಲೆ ಮಾಗಡಿಯಣ್ಣನ ದನಿ ತೇಲಿಬಂದು ಗಲ್ಲಾ ಮುಟ್ಟುತ್ತಿತ್ತು.

ತೊಂದರೆ ಶುರುವಾದದ್ದು ಛತ್ರಿ ಸಾಹೇಬರಿಂದ. ವಯಸ್ಸಾದ ರೀಲರು, ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕರಿ ಛತ್ರಿ. ನಮ್ಮ ಹೋಟೆಲಿನ ಮೊದಲ ಬೆಂಚು ಬಂದಾಗಿನಿಂದ ಅದರ ತುದಿಯಲ್ಲಿ ಕೂರುತ್ತಿದ್ದವರು. ಒಂದು ಬೆಳಿಗ್ಗೆ ಅವರು ಗಲ್ಲಾಕ್ಕೆ ಬಂದಾಗ ಅಕ್ಕ ಏನು ತಿಂದಿರಿ ಎಂದು ಕೇಳಿಬಿಟ್ಟಳು. ಅವರು ಹೇಳಿದರು. ಅವಳು ಮತ್ತೆ ಕೇಳಿದಳು. ಸಾಹೇಬರು ಒಂದೊಂದೇ ಬೆರಳು ಮಡಿಸುತ್ತಾ ಎಲ್ಲವನ್ನೂ ಹೇಳಿ, ದುಡ್ಡಿಟ್ಟು ಹೋದರು. ಮಾರನೆಯ ದಿನ ಎದುರು ಸಾಲಿನ ಹೋಟೆಲಿನ ಬಾಗಿಲಲ್ಲಿ ಅವರ ಛತ್ರಿ ಒರಗಿಸಿಟ್ಟದ್ದು ಕಂಡಿತು.

ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಇಷ್ಟು ಕಾಲ ಕಾಪಾಡಿಕೊಂಡ ಮರ್ಯಾದೆಯನ್ನು ಇವಳೇ ಕಳೆಯುತ್ತಿದ್ದಾಳಲ್ಲ ಎಂದು ಹಿಟ್ಟಿನ ಸೌಟಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಹಾಗೆ ನೋಡಿದರೆ ಸಾಹೇಬರೊಬ್ಬರೇ ಅಲ್ಲ, ಇನ್ನೂ ಕೆಲವರನ್ನು ಅವಳು ಕೇಳತೊಡಗಿದ್ದಳು. ಕೆಲವು ಸಲ ಕೇಳದೆ ಅಂದಾಜಿನ ಮೇಲೆ ಕಮ್ಮಿ ತೆಗೆದುಕೊಳ್ಳುತ್ತಿದ್ದಳು. ಕಮ್ಮಿ ತೆಗೆದುಕೊಂಡರೆ ಯಾರೂ ತಕರಾರು ಮಾಡುವುದಿಲ್ಲವಲ್ಲ.

ಕಾರಣ ತಿಳಿದದ್ದು ಗಲ್ಲಾದ ಮೇಲಿನ ಮಾತಾಡುವ ಡಬ್ಬಿಯಿಂದ. ಮೊಬೈಲಿನಲ್ಲಿ ಹಣ ಕಳಿಸಿದರೆ ಇಷ್ಟು ಬಂತು ಎಂದು ಕೂಗಿ ಹೇಳುವ ಡಬ್ಬಿ. ಈಗ ಎಳನೀರಿನ ಗಾಡಿಯಲ್ಲೂ ಇರುತ್ತದೆ. ಅಡುಗೆಮನೆಯಲ್ಲಿದ್ದರೂ ಅದರ ದನಿ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಅವತ್ತು ಬಹಳ ಹೊತ್ತಿನಿಂದ ಕೇಳಲಿಲ್ಲವೆಂದು ಕೈ ಒರೆಸಿಕೊಂಡು ಹೊರಗೆ ಬಂದೆ. ಡಬ್ಬಿಯ ದೀಪ ಆರಿತ್ತು, ಚಾರ್ಜು ಮುಗಿದು ಯಾವ ಕಾಲವಾಗಿತ್ತೋ. ಗಿರಾಕಿಗಳು ಒಬ್ಬೊಬ್ಬರೇ ಮೊಬೈಲು ತೋರಿಸುತ್ತಿದ್ದರು, ಅಕ್ಕ ಒಬ್ಬೊಬ್ಬರಿಗೂ ಡಬ್ಬಿಯ ಕಡೆ ಕಿವಿಗೊಟ್ಟವಳಂತೆ ಒಂದು ಗಳಿಗೆ ತಲೆ ವಾಲಿಸಿ, "ಬಂತು, ಬಂತು" ಎಂದು ಕಳಿಸುತ್ತಿದ್ದಳು. ನಾನು ಕಂಬದ ಹಿಂದೆಯೇ ನಿಂತುಬಿಟ್ಟೆ. ಹಿಂದಿನಿಂದ ಮೆಲ್ಲಗೆ ಅಕ್ಕಾ ಅಂದೆ. ಜೋರಾಗಿ ಅಂದೆ. ಅವಳು ತಿರುಗಲಿಲ್ಲ.

ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಸಂಜೆ ಭಾವನನ್ನು ಹಿಡಿದು ಕೇಳಿದೆ. ಭಾವ ಬಿಡದಿಯಲ್ಲಿ ಸೆಕ್ಯೂರಿಟಿ ಕೆಲಸ ಮಾಡುವವರು, ಸುಳ್ಳು ಹೇಳಲು ಬರದ ಮನುಷ್ಯ. ಎಲ್ಲ ಹೇಳಿಬಿಟ್ಟರು. ಡಾಕ್ಟರ ಹತ್ತಿರ ಹೋಗಿಬಂದಿದ್ದರಂತೆ, ಕಿವಿಗೆ ಹಾಕುವ ಮೆಷಿನ್ನೂ ತಂದಿದ್ದರಂತೆ. ಮನೆಯಲ್ಲಿ ಅದರಿಂದ ಚೆನ್ನಾಗಿಯೇ ಕೇಳಿಸುತ್ತಿತ್ತಂತೆ. ಹೋಟೆಲಿನಲ್ಲಿ ಹಾಕಿಕೊಂಡರೆ ಸ್ಟೀಲು ತಟ್ಟೆ, ಲೋಟ, ಫ್ಯಾನು, ನನ್ನ ಬೈಗುಳ ಎಲ್ಲ ಒಟ್ಟಿಗೆ ನುಗ್ಗಿ ತಲೆ ಸಿಡಿಯುತ್ತಿತ್ತಂತೆ. ಮಾಗಡಿಯಣ್ಣನ ಕೂಗೊಂದೇ ಬೇರೆಯಾಗುತ್ತಿರಲಿಲ್ಲವಂತೆ. ನನಗೆ ಹೇಳಬೇಡ ಎಂದು ಅಕ್ಕ ಭಾವನಿಂದ ಆಣೆ ಹಾಕಿಸಿಕೊಂಡಿದ್ದಳು. ಗೊತ್ತಾದರೆ ಗಲ್ಲಾದಿಂದ ಎಬ್ಬಿಸುತ್ತೇವೆ ಎನ್ನುವ ಭಯ.

ಆ ಭಯ ಸುಳ್ಳಲ್ಲ. ನನ್ನ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ, ಅತ್ತಿಗೆ ಇನ್ನು ಮನೆಯಲ್ಲಿ ಆರಾಮಾಗಿರಲಿ, ನಾನೇ ಗಲ್ಲಾದಲ್ಲಿ ಕೂರುತ್ತೇನೆ ಎಂದಳು. ಮಾತಿಗೆ ಅದು ಸರಿ. ಆದರೆ ಅಕ್ಕನನ್ನು ನಾನು ಆ ಕುರ್ಚಿಯಲ್ಲಿ ನೋಡಿದ್ದೇನೆ. ಬಾಗಿಲಿಗೆ ಬಂದ ಮುಖ ನೋಡಿಯೇ ಗೂಡಿಗೆ ಒಳ್ಳೆ ರೇಟು ಸಿಕ್ಕಿತೋ ಇಲ್ಲವೋ ಎಂದು ಹೇಳುತ್ತಾಳೆ. ರೇಟು ಬಿದ್ದವನಿಗೆ ಕೇಳದೆಯೇ ಇನ್ನೊಂದು ಸೌಟು ಸಾಂಬಾರು ಕಳಿಸುತ್ತಾಳೆ. ಅಲ್ಲಿಂದ ಎದ್ದರೆ ಅವಳಿಗೆ ಮನೆಯಲ್ಲಿ ಬೇಕಾದಷ್ಟು ಆರಾಮ ಇರುತ್ತದೆ, ಅವಳು ಮಾತ್ರ ಇರುವುದಿಲ್ಲ. ಏನೇ ಆಗಲಿ, ಅಕ್ಕ ಆ ಕುರ್ಚಿಯಲ್ಲೇ ಇರಬೇಕು ಎಂದು ನಾನು ತೀರ್ಮಾನ ಮಾಡಿದೆ. ಕಿವಿಗೆ ಬರದಿದ್ದರೆ ಕಣ್ಣಿಗೆ ಬರಲಿ ಎಂದು ಬಿಲ್ಲಿನ ಮೆಷಿನ್ನು ಹುಡುಕತೊಡಗಿದೆ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅನ್ನುತ್ತಾರೆ. ಅದರ ಜೊತೆಗೆ ಬಿಲ್ಲಿನ ಮೆಷಿನ್ನು ಕೊಂಡು ನೋಡು ಎನ್ನುವುದನ್ನೂ ಸೇರಿಸಬೇಕು. ಒಬ್ಬ ಅಂಗೈಯಗಲದ ಮೆಷಿನ್ನು ತಂದು ತೋರಿಸಿದ. ಇಡ್ಲಿಗೆ ಒಂದು ನಂಬರು, ವಡೆಗೆ ಒಂದು ನಂಬರು, ಎಲ್ಲ ಬಾಯಿಪಾಠ ಮಾಡಬೇಕು. ಅದರ ಪರದೆಯ ಅಕ್ಷರ ನನಗೇ ಕಾಣಲಿಲ್ಲ, ಅಕ್ಕನಿಗೆ ಇನ್ನೇನು ಕಂಡೀತು? ಇನ್ನೊಬ್ಬ ಬೆಂಗಳೂರಿನಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಮೊದಲು ದುಡ್ಡು ತಗೊಂಡು ಟೋಕನ್ ಕೊಟ್ಟುಬಿಡಿ, ಬಿಲ್ಲಿನ ತಾಪತ್ರಯವೇ ಇರುವುದಿಲ್ಲ ಎಂದ. ಹಸಿದು ಬಂದವರ ಹತ್ತಿರ ಮೊದಲು ಕಾಸು ಕೇಳಿದರೆ ನಮ್ಮಕ್ಕ ನಿಮ್ಮನ್ನೂ ನನ್ನನ್ನೂ ಒಟ್ಟಿಗೆ ಆಚೆ ಹಾಕ್ತಾಳೆ ಎಂದೆ. ಹಾಗಾದರೆ ಟೇಬಲ್ ಲೆಕ್ಕದ್ದು ತಗೊಳ್ಳಿ ಎಂದ. ಎಷ್ಟು ಟೇಬಲ್ಲು ಎಂದು ಕೇಳಿ ಬರೆದುಕೊಂಡ. ಪರದೆ ಫಳಫಳ ಹೊಳೆಯುತ್ತಿತ್ತು, ಒಂದು ವಾರ ಬಳಸಿ ನೋಡಿ ಎಂದ. ಆತುರಗಾರನಿಗೆ ಬುದ್ಧಿ ಮಟ್ಟ, ಇಡಿ ಅಂದುಬಿಟ್ಟೆ.

ಮಾರ್ಕೆಟ್ಟು ತುಂಬಿದ ದಿನವೇ ಅದರ ಉದ್ಘಾಟನೆ ಆಯಿತು. ಮಾಗಡಿಯಣ್ಣ ಮೊಬೈಲಿನಲ್ಲಿ ಟೇಬಲ್ ನಂಬರು ಒತ್ತಿ ತಿಂಡಿ ಒತ್ತಬೇಕು, ಗಲ್ಲಾದಲ್ಲಿ ಬಿಲ್ಲು ಬರಬೇಕು. ಬಂತು. ಮೊದಲು ಎದ್ದ ದೊಡ್ಡಆಲಹಳ್ಳಿಯ ರೈತನಿಗೆ ಅವನ ಬೆಂಚಿನಲ್ಲಿ ಕೂತಿದ್ದ ಅಷ್ಟೂ ಜನರ ಬಿಲ್ಲು ಮೊಳದುದ್ದ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಇಷ್ಟ್ ತಿನ್ನೋನಾಗಿದ್ರೆ ಗೂಡಿನ ಮೂಟೆ ನಾನೇ ಹೊತ್ಕಂಡ್ ಬತ್ತಿದ್ದೆ ಕಣಕ್ಕ, ಆಟೋ ಯಾಕ್ ಮಾಡ್ತಿದ್ದೆ" ಎಂದ. ಹೋಟೆಲೆಲ್ಲ ನಕ್ಕಿತು. ಒಂದು ಟೇಬಲ್ಲಿಗೆ ಒಂದು ಸಂಸಾರ ಎಂದು ಆ ಮೆಷಿನ್ನು ತಿಳಿದುಕೊಂಡಿತ್ತು. ನಮ್ಮಲ್ಲಿ ಒಂದು ಬೆಂಚಿಗೆ ನಾಲ್ಕು ಊರು. ಬೆಂಗಳೂರಿಗೆ ಫೋನು ಮಾಡಿದರೆ, ಸೀಟಿಗೊಂದು ನಂಬರು ಕೊಡಿ ಎಂದರು. ಸೀಟೆಲ್ಲಿದೆ ಸ್ವಾಮಿ, ಬೆಂಚು ಇರೋದು, ಅದರ ಮೇಲೆ ಜನ ಸರಿಯುತ್ತಲೇ ಇರುತ್ತಾರೆ ಎಂದು ನಾನು ಫೋನಿನಲ್ಲಿ ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಹೆಂಡತಿ ಗೊಣಗಿದಳು. ನೆಲವೇ ಡೊಂಕು ಎಂದು ಅವಳ ಮೇಲೂ ರೇಗಿದೆ.

ಮಧ್ಯಾಹ್ನ ಜನ ಕರಗಿದ ಮೇಲೆ ಅಕ್ಕ ನನ್ನನ್ನು ಕರೆದಳು. ಇಡೀ ಬೆಳಿಗ್ಗೆ ಅವಳು ನಕ್ಕಿರಲಿಲ್ಲ ಎಂದು ಆಗ ಹೊಳೆಯಿತು.

"ನನ್ನ ಎಬ್ಸಕ್ಕೆ ತಾನೆ ಇದನ್ನ ತಂದಿರದು?" ಎಂದಳು.

ಇಲ್ಲ ಎಂದು ತಲೆಯಾಡಿಸಿದೆ.

"ನಂಗೆ ಕೇಳ್ಸಾಕಿಲ್ಲ ಕಣ್ಲಾ. ನಿಂಗೊತ್ತು ಅಂತ ನಂಗೂ ಗೊತ್ತು. ಅವತ್ತು ನೀನು ಕಂಬದ ಹಿಂದೆ ನಿಂತಿದ್ದೆ, ಗೋಡೆ ಕನ್ನಡೀಲಿ ಕಂಡೆ."

ನಾನು ಅವಳ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತು ಹೇಳಿದೆ: "ನೀನು ಕೂತ್ಕಳಕ್ಕೇ ತಂದಿರದು ಅಕ್ಕ. ಎಬ್ಸಕ್ಕಲ್ಲ."

ಅವಳು ಆ ಮೆಷಿನ್ನಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ, ಹಂಗಾದ್ರೆ ಇದು ಬ್ಯಾಡ, ಇದ್ರಲ್ಲಿ ಒಂದಕ್ಸರ ಕನ್ನಡ ಇಲ್ಲ, ವಾಪಸ್ ಕಳ್ಸು ಎಂದಳು. ಅಕ್ಕ ಬೇಡ ಅಂದದ್ದು ಮೆಷಿನ್ನನ್ನಲ್ಲ, ಆ ಮೆಷಿನ್ನನ್ನು ಎಂದು ತಿಳಿದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇಸ್ತ್ರಿ ಅಂಗಿಯವನಿಗೆ ಕಾಫಿ ಕುಡಿಸಿಯೇ ಅದನ್ನು ವಾಪಸು ಕೊಟ್ಟೆ.

ಆಮೇಲೆ ಬಂದವಳು ಕನಕಪುರದ ಒಬ್ಬ ಹೆಂಗಸು. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು, ದಿನಸಿ ಅಂಗಡಿ, ಔಷಧಿ ಅಂಗಡಿಗಳಿಗೆ ಬಿಲ್ಲಿನ ಮೆಷಿನ್ನು ಹಾಕಿಕೊಡುತ್ತಾಳೆ. ಸ್ಕೂಟರಿನ ಮುಂದೆ ಡಬ್ಬ ಇಟ್ಟುಕೊಂಡು ಬಂದಳು. ಉಳಿದವರೆಲ್ಲ ಎಷ್ಟು ಟೇಬಲ್ಲು ಎಂದು ಕೇಳಿದ್ದರು. ಇವಳು ಮೊದಲು ಕೇಳಿದ್ದು, ಇದರ ಮುಂದೆ ಕೂರುವವರು ಯಾರು ಎಂದು. ಅಕ್ಕನನ್ನು ತೋರಿಸಿದೆ. ಅವಳು ನನ್ನನ್ನು ಅಲ್ಲೇ ಬಿಟ್ಟು ಹೋಗಿ ಅಕ್ಕನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಪರದೆಯ ಮೇಲೆ ಕನ್ನಡದ ಅಕ್ಷರವನ್ನು ದೊಡ್ಡದು ಮಾಡುತ್ತಾ ಹೋಗಿ, ಅಕ್ಕ ಸಾಕು ಎಂದು ಕೈ ತೋರಿಸಿದಲ್ಲಿ ನಿಲ್ಲಿಸಿದಳು. ಕೊಳ್ಳುವವರು ಒಬ್ಬರು, ಕೂರುವವರು ಬೇರೆಯವರು ಎನ್ನುವುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಕರೆಂಟು ಹೋದರೆ, ನೆಟ್‌ವರ್ಕು ಹೋದರೆ, ಉದ್ದಿನಬೇಳೆ ರೇಟು ಏರಿ ವಡೆಯ ಬೆಲೆ ಬದಲಾಯಿಸಬೇಕಾದರೆ ಏನು ಮಾಡುವುದು ಎಂದು ನಾನು ಪೊಲೀಸಿನವನ ಹಾಗೆ ಕೇಳಿದೆ. ಬ್ಯಾಟರಿ ಇದೆ, ನೆಟ್ಟಿಲ್ಲದಿದ್ದರೂ ಒಳಗಿನ ವೈಫೈ ಸಾಕು, ಬಿಲ್ಲು ನಿಲ್ಲುವುದಿಲ್ಲ, ಬೆಲೆ ಹೀಗೆ ಒತ್ತಿ ನೀವೇ ಬದಲಾಯಿಸಿ, ನನ್ನನ್ನು ಕಾಯಬೇಡಿ ಎಂದು ಮಾಡಿ ತೋರಿಸಿದಳು. ಪ್ಲಗ್ಗು ಕಿತ್ತು ನೋಡಿದೆ, ನಿಲ್ಲಲಿಲ್ಲ. ಹಣ ಬಂದರೆ ಇಡೀ ಪರದೆ ಹಸಿರಾಗುವ ಹಾಗೂ ಮಾಡಿಕೊಟ್ಟಳು. ಅಕ್ಕ ಮಾತಾಡುವ ಡಬ್ಬಿಯನ್ನು ಅವತ್ತೇ ಎತ್ತಿ ಒಳಗಿಟ್ಟಳು.

ಆದರೆ ಬೆಂಚಿನ ಸಮಸ್ಯೆ ಹಾಗೆಯೇ ಇತ್ತು. ಟೇಬಲ್ಲು ಬೇಡ, ಒಬ್ಬೊಬ್ಬರಿಗೂ ಬೇರೆ ಬಿಲ್ಲು ತೆಗೆಯಬಹುದು, ಆದರೆ ಯಾವುದು ಯಾರದು ಎಂದು ಗಲ್ಲಾದಲ್ಲಿ ತಿಳಿಯುವುದು ಹೇಗೆ? ಆ ಹೆಂಗಸೂ ನಾನೂ ತಲೆ ಕೆರೆದುಕೊಳ್ಳುತ್ತಿದ್ದಾಗ ಅಕ್ಕ ಪರದೆಯ ಮೇಲಿದ್ದ ಒಂದು ಖಾಲಿ ಪಟ್ಟಿಯ ಮೇಲೆ ಬೆರಳಿಟ್ಟು ಇದೇನು ಎಂದಳು. ಗಿರಾಕಿಯ ಹೆಸರು ಹಾಕುವ ಜಾಗ, ಹಬ್ಬಕ್ಕೆ ಮೆಸೇಜು ಕಳಿಸಲು ಬೇಕಾಗುತ್ತದೆ ಎಂದು ಆ ಹೆಂಗಸು ತಿಳಿಸಿದಳು.

"ಹೆಸ್ರು ಯಾಕೆ? ಮಾಗಡಿಯಣ್ಣ ಬಾಯಲ್ಲಿ ಏನ್ ಕೂಗ್ತಿದ್ನೋ ಅದನ್ನೇ ಇಲ್ಲಿ ಹಾಕ್ಲಿ" ಎಂದಳು ಅಕ್ಕ.

ಮಾಗಡಿಯಣ್ಣನಿಗೆ ಮೊಬೈಲಿನಲ್ಲಿ ಕನ್ನಡ ಒತ್ತಿ ಬರೆಯುವಷ್ಟು ತಾಳ್ಮೆ ಇಲ್ಲ. ಆದರೆ ಮೈಕಿನ ಚಿತ್ರ ಒತ್ತಿ ಹೇಳಿದರೆ ಅಕ್ಷರವಾಗಿ ಬೀಳುತ್ತದಲ್ಲ, ಅವನು ತನ್ನ ಮಗಳಿಗೆ ದಿನಾ ಹಾಗೆಯೇ ಮೆಸೇಜು ಮಾಡುತ್ತಾನೆ. ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ನಾನು ಅವನ ಬಾಯಲ್ಲಿ ಎಂದೂ ಕೇಳದಷ್ಟು ಮೆಲ್ಲಗೆ, "ಹಸಿರು ಟವಲ್" ಎಂದ. ಗಲ್ಲಾದ ಪರದೆಯ ಮೇಲೆ ಹಸಿರು ಟವಲ್ ಎಂದು ಬಂತು, ಕೆಳಗೆ ಎರಡು ತಟ್ಟೆ, ಒಂದು ವಡೆ, ಒಂದು ಕಾಫಿ. ಅಕ್ಕ ತಲೆಯೆತ್ತಿ ಹೋಟೆಲೆಲ್ಲ ನೋಡಿದಳು. ಗೋಡೆ ಬದಿಯಲ್ಲಿ ಹಸಿರು ಟವಲ್ಲಿನವನು ಕೈ ತೊಳೆಯುತ್ತಿದ್ದ. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅಷ್ಟು ಖುಷಿ ನನಗೆ ಈಚೆಗೆ ಯಾವತ್ತೂ ಆಗಿರಲಿಲ್ಲ.

ಮೆಷಿನ್ನು ಬಂದ ಮೇಲೆ ಎಲ್ಲ ಸಲೀಸಾಯಿತು ಎಂದರೆ ನೀವು ನಂಬಬೇಡಿ. ಬಿಲ್ಲಿನ ಕಾಗದದ ಸುರುಳಿ ನಡುವೆಯೇ ಮುಗಿಯುತ್ತಿತ್ತು. ಒಂದೇ ದಿನ ಹಲವು ನೀಲಿ ಅಂಗಿಗಳು ಬಂದು ಗೊಂದಲವಾಗುತ್ತಿತ್ತು. ಆಮೇಲೆ ಮಾಗಡಿಯಣ್ಣ ನೀಲಿ ಅಂಗಿ ಮೀಸೆ, ನೀಲಿ ಅಂಗಿ ಕನ್ನಡಕ ಎಂದು ಬಿಡಿಸಿ ಹಾಕಲು ಕಲಿತ. ತಮ್ಮ ಬಿಲ್ಲಿನ ತಲೆಯ ಮೇಲೆ ಏನು ಬರೆದಿದೆ ಎಂದು ನೋಡುವುದೇ ಜನರಿಗೆ ಒಂದು ಆಟವಾಯಿತು. "ಬೊಕ್ಕ ತಲೆ" ಎಂದು ಬಂದವರೊಬ್ಬರು ಮಾತ್ರ ಮುನಿಸಿಕೊಂಡರು. ಮುಂದಿನ ವಾರ ಟೋಪಿ ಹಾಕಿಕೊಂಡು ಬಂದು, ಈಗ ಏನ್ ಹಾಕ್ತೀಯೋ ಹಾಕು ಎಂದು ಕೂತರು.

ಎಲ್ಲದರ ನಡುವೆಯೂ ಅಕ್ಕನ ಕಣ್ಣು ಎದುರು ಸಾಲಿನ ಹೋಟೆಲಿನ ಬಾಗಿಲಿನ ಮೇಲೆಯೇ ಇರುತ್ತಿತ್ತು. ಅಲ್ಲಿ ಛತ್ರಿ ಇದೆಯೋ ಇಲ್ಲವೋ ಎಂದು ಅವಳು ನೋಡುವುದನ್ನು ನಾನು ನೋಡುತ್ತಿದ್ದೆ. ಹೋಗಿ ಕರೆದುಕೊಂಡು ಬರಲೇ ಎಂದು ಕೇಳಿದೆ. ಕರೆದು ತರಿಸಿದ ಗಿರಾಕಿ ಗಿರಾಕಿಯಲ್ಲ, ನೆಂಟ. ಬರೋದಾದ್ರೆ ತಾವಾಗೇ ಬರಲಿ ಎಂದಳು.

ಕಡೆಗೆ ಅವರನ್ನು ಕಳಿಸಿಕೊಟ್ಟದ್ದು ಎದುರಿನ ಹೋಟೆಲಿನವರೇ. ಅವರೂ ಮೆಷಿನ್ನು ತಂದರು, ಟೋಕನ್ನಿನದು. ಮೊದಲು ಕಾಸು, ಆಮೇಲೆ ತಿಂಡಿ. ಸಾಹೇಬರಿಗೆ ಅದು ಹಿಡಿಸಲಿಲ್ಲ ಎಂದು ಮಾರ್ಕೆಟ್ಟಿನಲ್ಲಿ ಮಾಗಡಿಯಣ್ಣ ಕೇಳಿಕೊಂಡು ಬಂದಿದ್ದ. ಒಂದು ಬೆಳಿಗ್ಗೆ ನಾನು ಇಡ್ಲಿ ಬಡಿಸಲು ಇಣುಕಿದಾಗ, ಮೊದಲ ಬೆಂಚಿನ ತುದಿಯಲ್ಲಿ ಕರಿ ಛತ್ರಿ ಒರಗಿತ್ತು. ನನ್ನ ಕೈಯಿಂದ ಬೆಣ್ಣೆ ಸ್ವಲ್ಪ ಜಾಸ್ತಿಯೇ ಬಿತ್ತು.

ಅವರು ತಿಂದು ಎದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಗಲ್ಲಾ ಹತ್ತಿರವಾಗುತ್ತಿದ್ದ ಹಾಗೆ ಅವರ ನಡಿಗೆ ನಿಧಾನವಾಯಿತು. ಈಗ ಕೇಳುತ್ತಾಳೆ ಎಂದುಕೊಂಡಿರಬೇಕು. ಅಕ್ಕ ಕೇಳಲಿಲ್ಲ. ಬಿಲ್ಲು ಹರಿದು ಎದುರಿಗೆ ಹಿಡಿದುಕೊಂಡಿದ್ದಳು. ಸಾಹೇಬರು ತೆಗೆದುಕೊಂಡು, ಕನ್ನಡಕ ಏರಿಸಿ ನೋಡಿದರು. ತಲೆಯ ಮೇಲೆ ಛತ್ರಿ ಎಂದಿತ್ತು. ಕೆಳಗೆ ಅವರು ತಿಂದದ್ದೆಲ್ಲ ಸರಿಯಾಗಿತ್ತು. ಅವರ ಗಡ್ಡದೊಳಗೆ ನಗು ಕಾಣಿಸಿತು.

ಅಲ್ಲಿಗೆ ಮುಗಿದಿತ್ತು. ಅಕ್ಕ ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಕುರ್ಚಿಯೂ ಉಳಿದಿತ್ತು. ಅವಳು ಸುಮ್ಮನಿರಲಿಲ್ಲ. ಮುಂದಕ್ಕೆ ಬಾಗಿ, ಮೆಲ್ಲಗೆ ಅವರಿಗೆ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಸಾಹೇಬರು ಕಿವಿಗೆ ಅಂಗೈ ಒಡ್ಡಿದರು.

"ಒಸಿ ಜೋರಾಗಿ ಹೇಳಮ್ಮ. ಮೋಟರ್ ಪಕ್ಕ ನಿಂತೂ ನಿಂತೂ ನಂಗೆ ಈ ಕಿವಿ ಹೋಗ್ಬುಟ್ಟೈತೆ."

ಅಕ್ಕ ಅವರ ತುಟಿ ನೋಡಿ ಅಷ್ಟನ್ನೂ ಹಿಡಿದಳು. ಒಂದು ಗಳಿಗೆ ಬೆರಗಾದಳು. ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು, ಮಾಗಡಿಯಣ್ಣನನ್ನೂ ಮೀರಿಸುವ ದನಿಯಲ್ಲಿ ಹೇಳಿದಳು:

"ನಂಗೂ ಕಿವಿ ಕೇಳ್ಸಾಕಿಲ್ಲ ಸಾಹೇಬ್ರೆ. ಅವತ್ತು ಅದ್ಕೇ ಕೇಳಿದ್ದು. ಅನುಮಾನ ಪಟ್ಟಲ್ಲ."

ಹೋಟೆಲಿನಲ್ಲಿ ಬಿಲ್ಲು ಕೂಗುವುದು ನಿಂತ ಮೇಲೆ ಅಷ್ಟು ಜೋರು ದನಿ ಎದ್ದದ್ದು ಅದೇ ಮೊದಲು. ಬೆಂಚುಗಳಲ್ಲಿ ಕೈಗಳು ತಟ್ಟೆಯ ಮೇಲೇ ನಿಂತವು. ಒಡಹುಟ್ಟಿದ ನನ್ನಿಂದಲೂ ಮುಚ್ಚಿಟ್ಟಿದ್ದನ್ನು ಅವಳು ಮರಳವಾಡಿಗೂ ದೊಡ್ಡಆಲಹಳ್ಳಿಗೂ ಒಟ್ಟಿಗೆ ಹೇಳಿಬಿಟ್ಟಿದ್ದಳು. ನನ್ನ ಕಣ್ಣು ತುಂಬಿ ಬಂತು. ಹಬೆ ಎಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ.

ಸಾಹೇಬರು ದುಡ್ಡಿಟ್ಟು, ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಅಕ್ಕನಿಗೆ ಕಾಣುವ ಹಾಗೆ ಮುಖ ಎತ್ತಿ, "ನಾಳೆ ಬತ್ತೀನಿ" ಎಂದು ಛತ್ರಿ ತೆಗೆದುಕೊಂಡು ಹೊರಟರು.

ಅಕ್ಕ ಆಗಲೇ ಪರದೆಯ ಕಡೆ ತಿರುಗಿದ್ದಳು. "ನೀಲಿ ಅಂಗಿ ಕನ್ನಡಕ" ಎಂದು ತಾನೇ ಓದಿ ಕರೆದು, ಕುರ್ಚಿಯಲ್ಲಿ ಸರಿಯಾಗಿ ಕೂತು, ಬಿಲ್ಲು ಹರಿದು ಕೈ ಚಾಚಿದಳು.